ಒಂದೇ ಸಲ ಕರೆದವಳು

ಸಿಂಚನಾ, ಚಿರಾಗ, ಇಡಗುಂದಿಯಲ್ಲಿರುವ ನನ್ನ ಪುಟ್ಟಿ ಅನ್ವಿತಾ,

ಫೋನು ಎರಡು ಸಲ ಬಡಿದುಕೊಂಡು ನಿಲ್ಲುವವರೆಗೆ ಅಜ್ಜಿ ಅಲ್ಲಾಡುವುದಿಲ್ಲ, ಮೂರನೆಯ ಸಲಕ್ಕೆ ಎತ್ತುತ್ತಾಳೆ ಎಂದು ನೀವು ಮೂವರೂ ಸೇರಿ ನಗುತ್ತೀರಿ. "ಅಜ್ಜಿಗೆ ನೆಟ್‌ವರ್ಕ್ ಉಂಟು, ಅಜ್ಜೀನೇ ಇಲ್ಲ" ಎಂದು ಚಿರಾಗ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಅನ್ವಿತಾ ಈಗ ಎರಡು ಸಲ ಸುಮ್ಮನೆ ಬಾರಿಸಿ ಬಿಟ್ಟು, ಮೂರನೆಯದಕ್ಕೆ ಸರಿಯಾಗಿ ಕೂತುಕೊಂಡು ಮಾತಾಡಲು ತಯಾರಾಗುತ್ತಾಳಂತೆ. ಜಾಣೆ. ಮೊನ್ನೆ ಸಿಂಚನಾ ಮಾತ್ರ ನಗದೆ, "ಯಾಕಜ್ಜಿ ಹಾಗೆ?" ಎಂದು ಕೇಳಿದಳು. ನಾನು "ಅಭ್ಯಾಸ" ಎಂದು ಹೇಳಿ ಒಳಗೆ ಹೋಗಿಬಿಟ್ಟೆ.

ಎದುರಿಗೆ ಕೂತು ಹೇಳಲು ನನಗೆ ಬಾರದು. ನಾಲ್ಕು ಜನ ನನ್ನ ಕಡೆ ನೋಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಆ ನಾಲ್ಕು ಜನರಲ್ಲಿ ಮೂವರು ನನ್ನ ಮೊಮ್ಮಕ್ಕಳೇ ಆದರೂ ಅಷ್ಟೆ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಓದಿದ್ದು ಊರ ಶಾಲೆಯ ಏಳನೆಯ ಇಯತ್ತೆ. ಅಕ್ಷರ ದುಂಡಗಿದೆ ಎಂದು ಮಾಸ್ತರು ಹೊಗಳಿದ್ದರು. ಒಳಗಿನ ವಿಷಯದ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ನಾನು ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿ. ನಮ್ಮಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಈ ಗದ್ದೆಯ ಅಂಚಿಗೆ ಒಂದು, ಆ ದಿಬ್ಬದ ಹಿಂದೆ ಒಂದು. ಮಾತಾಡಬೇಕೆಂದರೆ ಕೂಗಬೇಕು. ಅವ್ವನ ಬಾಯಿಯಲ್ಲಿ ಇದ್ದ ಕಾಯಿದೆ ಒಂದೇ: "ಯಾರೇ ಕರೀಲಿ, ಮುಖ ಕಾಣದೇ ಇದ್ರೆ ಮೂರನೇ ಸಲಕ್ಕೇ ಓ ಅನ್ನೂದು. ಮನುಷ್ಯರಾದ್ರೆ ಮೂರು ಸಲ ಕರೀತ್ರು. ಬೇರೆಯದಾದ್ರೆ ಒಂದೇ ಸಲ ಕರ್ದು ಕಾಯ್ತದೆ." ಬೇರೆಯದು ಅಂದರೆ ಯಾವುದು ಎಂದು ನಾವು ಕೇಳಲಿಲ್ಲ. ಕೇಳಿದರೆ ಅದಕ್ಕೂ ಕೇಳಿಸಬಹುದಲ್ಲ.

ಕಾಯಿದೆ ಇದ್ದದ್ದು ಮೂರುಸಂಜೆಯ ಮೇಲಿನ ಹೊತ್ತಿಗೆ. ನಾನು ಹೆದರುಪುಕ್ಕಲಿ. ಇಪ್ಪತ್ನಾಲ್ಕು ತಾಸಿಗೂ ಅದನ್ನೇ ಹಾಕಿಕೊಂಡೆ. ಶಾಲೆಗೆ ಸೇರಿದಾಗ ಇದರಿಂದ ಭಾರಿ ಪೇಚಾಯಿತು. ಮಾಸ್ತರು ಹಾಜರಿ ಕರೆಯುವಾಗ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ, ದೊಡ್ಡ ಹುಡುಗಿಯೊಬ್ಬಳ ಬೆನ್ನಿಗೆ. ಅವರು "ಗಿರಿಜಾ ಬೀರಾ ನಾಯ್ಕ" ಎಂದು ಒಂದೇ ಸಲ ಕೂಗಿ ಮುಂದಿನ ಹೆಸರಿಗೆ ಹೋಗುತ್ತಿದ್ದರು. ನಾನು ಉಳಿದ ಎರಡು ಸಲಕ್ಕೆ ಕಾಯುತ್ತ ಕೂತಿರುತ್ತಿದ್ದೆ. ಮೂರು ತಿಂಗಳು ಶಾಲೆಯಲ್ಲಿದ್ದೂ ನಾನು ಶಾಲೆಯಲ್ಲಿರಲಿಲ್ಲ. ಒಂದು ದಿನ ಅಪ್ಪ ಕುಂಬಳಕಾಯಿ ಕೊಡಲು ಬಂದಾಗ ಮಾಸ್ತರು, "ನಿನ್ನ ಮಗಳು ಶಾಲೆ ಕಡೆ ತಲೆನೇ ಹಾಕೂದಿಲ್ವಲ್ಲೋ ಬೀರಾ" ಎಂದರು. "ಅಗಾ, ಅಲ್ಲಿ ಕುಂತದಲ್ರಾ ಮಾಸ್ತರೆ" ಎಂದ ಅಪ್ಪ. ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಬಿಳಗಿಯ ಕಡೆಗೆ ಮದುವೆಯಾಗಿ ಹೋದ ಮೇಲೆ ಅತ್ತೆ ಎಂಟು ದಿನ ನೋಡಿ, "ಹೆಣ್ಣು ಚಂದ ಅಂತ ತಂದ್ರು, ಕಿವಿ ಕೇಳ್ತದಾ ಅಂತ ಯಾರೂ ಕೇಳ್ಲಿಲ್ಲ" ಎಂದು ನೆರೆಮನೆಯವರಿಗೆ ಹೇಳಿದ್ದರು. ನಿಮ್ಮ ಅಜ್ಜ ಮಾತ್ರ ಬೇಗ ಉಪಾಯ ಕಲಿತರು. "ಗಿರಿಜಾಗಿರಿಜಾಗಿರಿಜಾ" ಎಂದು ಒಂದೇ ಉಸಿರಿಗೆ ಮೂರೂ ಮುಗಿಸುತ್ತಿದ್ದರು. ಅವರು ಹೋದ ಮೇಲೆ ಹಾಗೆ ಕರೆಯುವವರು ಯಾರೂ ಉಳಿದಿಲ್ಲ.

ಅದಿರಲಿ. ಇಷ್ಟೆಲ್ಲ ನಗುವ ಮಾತೇ. ನಗಲಾರದ ಮಾತೊಂದಿದೆ, ಅದನ್ನು ಹೇಳಲೆಂದೇ ಈ ಹಾಳೆಗಳು.

ಅಜ್ಜ ಹೋದ ಮರುವರ್ಷ ನಾನು ಶಿರಸಿಯ ಅಂಚಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದು ನಿಮಗೆ ಗೊತ್ತು. ಮುಖ್ಯ ಅಡುಗೆ ನಾಗವೇಣಿಯದು. ನಾನು ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ಪಾತ್ರೆ ತಿಕ್ಕುವುದು. ಮಾತಾಡುವ ಕೆಲಸ ಯಾವುದೂ ಇರಲಿಲ್ಲವಾದ್ದರಿಂದ ನನಗೆ ಹೇಳಿ ಮಾಡಿಸಿದ ಹಾಗಿತ್ತು. ಮಕ್ಕಳು "ಅಡುಗೆ ಅಜ್ಜಿ" ಎನ್ನುತ್ತಿದ್ದರು. ಮಕ್ಕಳದ್ದು ಒಂದು ಸುಖ. ಅವು ಮೂರಲ್ಲ, ಹದಿಮೂರು ಸಲ ಕೂಗುತ್ತವೆ.

ಒಂದು ವರ್ಷ ಜೂನಿನಲ್ಲಿ ಎರಡನೆಯ ತರಗತಿಗೆ ಮುಬೀನಾ ಬಂದಳು. ಏಳು ವರ್ಷದ ಹುಡುಗಿ, ಕಡ್ಡಿಯಂಥ ಕೈಕಾಲು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅಪ್ಪ ಇಸ್ಮಾಯಿಲ್ ಲಾರಿ ಡ್ರೈವರ್, ಘಟ್ಟದ ಮೇಲೆ ಕೆಳಗೆ ಓಡಾಡುವವನು. ತಾಯಿ ಖೈರೂನಳ ಸೊಂಟದಲ್ಲಿ ಯಾವಾಗಲೂ ಒಂದು ಕೂಸು. ಹುಡುಗಿ ಅಲ್ಲಿಯವರೆಗೆ ಯಲ್ಲಾಪುರದಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವಳು ಎಂದಷ್ಟೇ ನಮಗೆ ಗೊತ್ತಿದ್ದದ್ದು.

ಮೊದಲ ದಿನವೇ ಪಕ್ಕದ ಹುಡುಗನ ಕೈ ಕಚ್ಚಿದಳು. ಎರಡನೆಯ ದಿನ ಪಾಟಿ ಎಸೆದಳು. ಮೂರನೆಯ ದಿನ ಬೆಂಚಿನ ಕೆಳಗೆ ಸೇರಿಕೊಂಡು ಕಿರುಚಿದ್ದು ಅಡುಗೆ ಕೋಣೆಯವರೆಗೆ ಕೇಳಿತು. ಸಿಟ್ಟು ಬಂದಾಗ ಮೈ ಕಟ್ಟಿಗೆಯಾಗುತ್ತಿತ್ತು. ಸಿಟ್ಟು ಯಾಕೆ ಬಂತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೈದು ನೋಡಿದರು. ಚಾಕಲೇಟು ಕೊಟ್ಟು ನೋಡಿದರು. ಹೊರಗೆ ನಿಲ್ಲಿಸಿದರು. ತಾಲೂಕಿನಿಂದ ಒಬ್ಬ ವಿಶೇಷ ಮಕ್ಕಳ ಮಾಸ್ತರು ತಿಂಗಳಿಗೊಮ್ಮೆ ಬಂದು ಮಣಿ ಪೋಣಿಸಲು ಕೊಟ್ಟು ಏನೋ ಬರೆದುಕೊಂಡು ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ತಿಂಗಳಲ್ಲಿ ಉಳಿದ ದಿನಗಳೂ ಇರುತ್ತವಲ್ಲ.

ಅವಳ ತರಗತಿಯ ಶಕುಂತಲಾ ಅಕ್ಕೋರು ಹಾವೇರಿ ಕಡೆಯವರು. ನಗುವುದೂ ಜೋರು, ಅಳುವುದೂ ಜೋರು. ಒಂದು ಬೆಳಿಗ್ಗೆ ಹುಡುಗಿಯನ್ನು ಕರೆದುಕೊಂಡು ಅಡುಗೆ ಕೋಣೆಯ ಬಾಗಿಲಿಗೆ ಬಂದರು.

"ಗಿರಿಜಕ್ಕ, ಒಂದ್ ತಾಸು ಇಕಿನ್ನ ಇಲ್ಲಿ ಕುಂದರಿಸ್ಕೊಳ್ರಿ. ಮೂವತ್ತು ಮಂದಿ ಹುಡುಗರ್ಗೆ ಒಂದಕ್ಷರಾನೂ ಕಲಿಸಾಕ ಆಗವಲ್ದು ನನಗ."

"ಮಕ್ಕಳು ಒಲೆ ಹತ್ರ ಬರೂಹಂಗಿಲ್ಲ ಅಕ್ಕೋರೆ. ಹೆಡ್ ಮಾಸ್ತರು ಬೈತ್ರು" ಎಂದಳು ನಾಗವೇಣಿ.

"ಒಲಿ ಹತ್ರ ಬ್ಯಾಡ್ರಿ. ಹೊರಗ ಕಟ್ಟಿ ಮ್ಯಾಲ. ಗಿರಿಜಕ್ಕ ಏನೂ ಮಾತಾಡಂಗಿಲ್ಲಲ್ಲ, ಅದಕ್ಕ ತಂದೀನಿ."

ನನ್ನ ಬಾಯಿಲ್ಲದಿರುವುದು ಒಂದು ಗುಣವೆಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಹೊರಗಿನ ಕಟ್ಟೆಯ ಮೇಲೆ ನಾನು ಗೆರಸಿಯಲ್ಲಿ, ಅದೇ ಮೊರದಲ್ಲಿ, ಅಕ್ಕಿ ಹಾಕಿಕೊಂಡು ಕಲ್ಲು ಹೆಕ್ಕುತ್ತಿದ್ದೆ. ಅವಳು ಮಾರು ದೂರದಲ್ಲಿ ಕೂತು ನೋಡಿದಳು. ನಾನು ಕರೆಯಲಿಲ್ಲ, ಕೇಳಲಿಲ್ಲ. ನಾಲ್ಕನೆಯ ದಿನ ಅವಳ ಬೆರಳು ಗೆರಸಿಯೊಳಗೆ ಬಂತು. ಹೆಕ್ಕಿದ ಕಲ್ಲನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. "ಏಕ್, ದೋ" ಎಂದಳು, ನನಗಲ್ಲ, ಕಲ್ಲಿಗೆ. ನಾನೂ ಕಲ್ಲಿಗೇ "ಮೂರು, ನಾಲ್ಕು" ಎಂದೆ. ಹೀಗೆ ಕಲ್ಲುಗಳ ಮೂಲಕ ನಮ್ಮ ಪರಿಚಯವಾಯಿತು. ಹದಿನೈದು ದಿನದಲ್ಲಿ ಇಪ್ಪತ್ತರಲ್ಲಿ ಏಳು ತೆಗೆದರೆ ಎಷ್ಟು ಎನ್ನುವಲ್ಲಿಗೆ ಬಂದೆವು. ಶಕುಂತಲಾ ಅಕ್ಕೋರು ಬಾಗಿಲ ಹಿಂದೆ ನಿಂತು ನೋಡಿ, "ಅಯ್ ಇಕಿನ! ಬೋರ್ಡ್ ಮ್ಯಾಲ ಒಂದು ಗೆರಿ ಹೊಡಿಯಂಗಿಲ್ಲ, ಇಲ್ಲಿ ಕಳಿಯೋ ಲೆಕ್ಕ ಮಾಡಾಕತ್ಯಾಳಲ್ರಿ!" ಎಂದರು. ಆ ಸಲ ಸರಕಾರದ ಅಕ್ಕಿಯಲ್ಲಿ ಕಲ್ಲು ಕಡಿಮೆಯಾಗುತ್ತ ಬಂದದ್ದೇ ನನಗೆ ಚಿಂತೆ. ನಾನೇ ಅಂಗಳದಿಂದ ಹೊಯಿಗೆ ಕಲ್ಲು ಹೆಕ್ಕಿ ತಂದು ಗುಟ್ಟಾಗಿ ಗೆರಸಿಗೆ ಸೇರಿಸುತ್ತಿದ್ದೆ. ನಾಗವೇಣಿಗೆ ಇದು ಇಂದಿಗೂ ಗೊತ್ತಿಲ್ಲ. ಒಂದು ದಿನ ಅನ್ನದಲ್ಲಿ ಕಲ್ಲು ಸಿಕ್ಕಿ ಹೆಡ್ ಮಾಸ್ತರು ದವಡೆ ಹಿಡಿದುಕೊಂಡದ್ದು ಎಲ್ಲರಿಗೂ ಗೊತ್ತು.

ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಒಂದು ದಿನ ಹಾಲು ಉಕ್ಕುತ್ತದೆಂದು ನಾನು ಏನೂ ಹೇಳದೆ ಎದ್ದು ಒಳಗೆ ಓಡಿದೆ. ಹಿಂದಿರುಗಿ ಕೂತದ್ದೇ ತಡ, ನನ್ನ ಮುಂಗೈಗೆ ಬಾಯಿ ಹಾಕಿದಳು. "ಅಯ್ಯೋ, ನಿನ್ನ ಹಲ್ಲು ಉದುರ!" ಎಂದು ಬಾಯಿಗೆ ಬಂತು. ಎರಡು ದಿನಕ್ಕೆ ಅವಳ ಮುಂದಿನ ಹಲ್ಲು ಉದುರಿತು. ಏಳು ವರ್ಷದ ಮಕ್ಕಳ ಹಾಲುಹಲ್ಲು ಬೀಳುವುದೇ ಎಂದು ನಾಗವೇಣಿ ಎಷ್ಟು ಹೇಳಿದರೂ ನನಗೆ ಆ ವಾರವಿಡೀ ಊಟ ಸೇರಲಿಲ್ಲ.

ಆದರೆ ಆ ಕಚ್ಚಿನಿಂದ ನಾನೊಂದು ಕಲಿತೆ. ಎಲ್ಲಿಗೆ ಎದ್ದರೂ ಹೇಳಿ ಏಳತೊಡಗಿದೆ. "ನೀರಿಗೆ ಹೋಗ್ತೆ. ಕೊಡ ತುಂಬಿದ ಕೂಡ್ಲೆ ಬರ್ತೆ." "ಬೇಳೆ ನೋಡಿ ಬರ್ತೆ, ಅಷ್ಟರಲ್ಲಿ ನೀ ಹತ್ತು ಕಲ್ಲು ಹೆಕ್ಕು." ಹೇಳಿದ ಹೊತ್ತಿಗೆ ಬರುತ್ತಿದ್ದೆ. ಅಕ್ಕೋರಿಗೂ ಇದನ್ನೇ ಹೇಳಿದೆ, ಮೂರು ದಿನ ಧೈರ್ಯ ಕೂಡಿಸಿಕೊಂಡು. ಅವರು ತರಗತಿಯಲ್ಲೂ ಹಾಗೇ ಮಾಡಿದರು. ಸೀಮೆಸುಣ್ಣ ತರಲು ಆಫೀಸಿಗೆ ಹೋಗುವುದಾದರೂ, "ಮುಬೀನಾ, ಹೋಗಿ ಬರ್ತೀನವ್ವಾ" ಎಂದು ಹೇಳಿ ಹೋಗುವುದು. ಕಚ್ಚುವುದು ಕಡಿಮೆಯಾಯಿತು. ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಮೊಸರು ಯಾಕೆ ಹೆಪ್ಪುಗಟ್ಟುತ್ತದೆ ಎಂದು ಗೊತ್ತಿಲ್ಲದೆಯೂ ಆರು ಮನೆಗಾಗುವಷ್ಟು ಹೆಪ್ಪು ಹಾಕಿದವಳು ನಾನು.

ಇನ್ನೊಂದನ್ನೂ ಗಮನಿಸಿದ್ದೆ. ಆ ಹುಡುಗಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೇಕಾದದ್ದಕ್ಕೆ ಬೆರಳು ತೋರಿಸುವಳು, ಇಲ್ಲವೆ ಬಂದು ಸೆರಗು ಎಳೆಯುವಳು. ನನ್ನನ್ನಾಗಲಿ, ಅಕ್ಕೋರನ್ನಾಗಲಿ, ಗೇಟಿನಲ್ಲಿ ನಿಂತ ತಾಯಿಯನ್ನಾಗಲಿ ಒಮ್ಮೆಯೂ ಕೂಗಿ ಕರೆದಿರಲಿಲ್ಲ.

ದಸರೆಯ ಮುಂಚೆ ನಲ್ಲಿಯ ಹತ್ತಿರ ನೂಕಾಟದಲ್ಲಿ ಅವಳು ನಾಲ್ಕನೆಯ ತರಗತಿಯ ಹುಡುಗಿಯ ತೋಳು ಕಚ್ಚಿದಳು. ರಕ್ತ ಬಂತು. ಆ ಹುಡುಗಿಯ ಮನೆಯವರು ಏಳೆಂಟು ಜನ ಬಂದರು. ಹೆಡ್ ಮಾಸ್ತರು ಕೆಟ್ಟವರಲ್ಲ, ಗಲಾಟೆ ಎಂದರೆ ನನ್ನ ಹಾಗೆಯೇ ಹೆದರುವವರು. ಇಸ್ಮಾಯಿಲನನ್ನು ಕರೆಸಿ ಎಲ್ಲರೆದುರು ಹೇಳಿದರು: "ಇನ್ನೊಂದೇ ಒಂದು ಸಲ ಆದ್ರೆ ನೀವೇ ಅರ್ಜಿ ಬರ್ದು ಟಿ.ಸಿ. ತಗಂಡು ಹೋಗ್ಬೇಕು. ನನಗೆ ಬೇರೆ ದಾರಿ ಇಲ್ಲೆ." ಇಸ್ಮಾಯಿಲ್ ತಲೆ ತಗ್ಗಿಸಿ, "ಬೇರೆ ಶಾಲೆಯವ್ರು ಯಾರು ತಗೊಳ್ತಾರೆ ಸರ್? ಮನೇಲೇ ಇರ್ತಾಳೆ ಬಿಡಿ. ತಮ್ಮನ್ನ ನೋಡ್ಕೊಂಡು" ಎಂದ. ಎರಡನೆಯ ತರಗತಿಯಲ್ಲೇ ಒಂದು ಹುಡುಗಿಯ ಓದು ಮುಗಿಯುವುದೆಂದರೆ ಏನೆಂದು ನನಗೆ ಗೊತ್ತು. ನನ್ನ ಅಕ್ಕನದು ಹಾಗೆಯೇ ಮುಗಿದಿತ್ತು, ನನ್ನನ್ನು ನೋಡಿಕೊಂಡು.

ರಜೆ ಮುಗಿದು ಶಾಲೆ ತೆರೆದು ನಾಲ್ಕು ವಾರ ಏನೂ ಆಗಲಿಲ್ಲ. ಐದನೆಯ ವಾರದ ಒಂದು ದಿನ, ಹನ್ನೊಂದರ ಹೊತ್ತು. ನಾನು ಉಗ್ರಾಣದಲ್ಲಿ ಡಬ್ಬಿಯೊಳಗೆ ಬಗ್ಗಿ ತೊಗರಿಬೇಳೆ ಅಳೆಯುತ್ತಿದ್ದೆ. ಹೊರಗಿನಿಂದ ಕೇಳಿತು.

"ಅಜ್ಜೀ."

ಕೇಳಿತು ಮಕ್ಕಳೇ. ಚೆನ್ನಾಗಿ ಕೇಳಿತು. ಯಾರ ದನಿಯೆಂದು ತಿಳಿಯಲಿಲ್ಲ, ಯಾಕೆಂದರೆ ಆ ದನಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮುಖ ಕಾಣುತ್ತಿರಲಿಲ್ಲ. ನಾನು ಎರಡನೆಯ ಕೂಗಿಗೆ ಕಾದೆ. ಬೇಳೆ ಅಳೆಯುವ ಲೋಟ ಕೈಯಲ್ಲಿ ಹಿಡಿದು, ಉಸಿರು ಹಿಡಿದು, ಅರವತ್ತರ ಹತ್ತಿರದ ಹೆಂಗಸು ಹಾಡುಹಗಲಲ್ಲಿ ಸರಕಾರಿ ಶಾಲೆಯ ಉಗ್ರಾಣದಲ್ಲಿ ದೆವ್ವಕ್ಕೆ ಹೆದರಿ ಕಾದೆ. ಎರಡನೆಯದು ಬರಲಿಲ್ಲ.

ಹೊರಗೆ ಬಂದಾಗ ಬಾಗಿಲಲ್ಲಿ ಪಾಟಿ ಒಡೆದು ಬಿದ್ದಿತ್ತು. ಕಳೆಯುವ ಲೆಕ್ಕ ನಾಲ್ಕು, ನಾಲ್ಕೂ ಸರಿ. ಅಕ್ಕೋರು ಮೂಲೆಯಲ್ಲಿ ಬರೆದ ನಕ್ಷತ್ರದ ನಡುವೆಯೇ ಬಿರುಕು. ಅದನ್ನು ತೋರಿಸಲು ಮುಬೀನಾ ಓಡಿ ಬಂದಿದ್ದಳು. ನಾನು ಪಾಟಿಯ ಚೂರು ಎತ್ತಿಕೊಳ್ಳುವಷ್ಟರಲ್ಲಿ ತರಗತಿಯಿಂದ ಕಿರುಚಾಟ ಕೇಳಿತು. "ಯಾಕವ್ವಾ, ಏನಾತು?" ಎಂದು ಕೈ ಹಿಡಿದ ಶಕುಂತಲಾ ಅಕ್ಕೋರ ಹೆಬ್ಬೆರಳ ಬುಡಕ್ಕೇ ಹಲ್ಲು ಇಳಿದಿತ್ತು.

ಹುಡುಗಿ ನೀರಿನ ಟಾಕಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. "ನೀ ಕರ್ದಿದ್ದು ನಂಗೆ ಕೇಳ್ತು ಮುಬೀನಾ. ಕೇಳಿನೂ ನಾ ಓ ಅನ್ಲಿಲ್ಲ. ತಪ್ಪು ನಂದು" ಎಂದೆ. ಅವಳು ತಿರುಗಲಿಲ್ಲ. ಮುಟ್ಟಲು ಹೋಗಲಿಲ್ಲ ನಾನು. ಸಾರು ಹೊತ್ತಿದ ವಾಸನೆ ಬರುತ್ತಿತ್ತು. ನಾಗವೇಣಿ ಅವತ್ತು ನನ್ನನ್ನು ಕರೆಯಲಿಲ್ಲ.

ಮೂರು ಗಂಟೆಗೆ ಹೆಡ್ ಮಾಸ್ತರ ಕೋಣೆಯಲ್ಲಿ ಸಭೆ. ಇಸ್ಮಾಯಿಲ್ ಬಂದಿದ್ದ. ಖೈರೂನ್ ಕೂಸು ಎತ್ತಿಕೊಂಡು ಬಾಗಿಲ ಮೂಲೆಯಲ್ಲಿ ನಿಂತಿದ್ದಳು. ಶಾಲಾ ಸಮಿತಿಯ ಅಧ್ಯಕ್ಷ ತಿಮ್ಮಣ್ಣ ಕುರ್ಚಿ ತುಂಬ ಕೂತಿದ್ದ. ಶಕುಂತಲಾ ಅಕ್ಕೋರ ಕೈಗೆ ಬಿಳಿ ಪಟ್ಟಿ. ಮೇಜಿನ ಮೇಲೆ ಅರ್ಜಿ ಬರೆಯಲು ಹಾಳೆ, ಪೆನ್ನು. ನನ್ನ ಕೆಲಸ ಚಹಾ ತಂದಿಟ್ಟು ಹೊರಗೆ ಹೋಗುವುದು. ತಟ್ಟೆ ಹಿಡಿದು ಒಳಗೆ ಹೋದೆ. ಇಡಲಿಲ್ಲ. ತಟ್ಟೆಯ ಮೇಲೆ ಕಪ್ಪು ಬಸಿಗಳೆಲ್ಲ ಕಟಕಟ ಎನ್ನತೊಡಗಿದವು. ನನಗಿಂತ ಮೊದಲು ಅವೇ ಮಾತಾಡಿದವು.

"ಎಂತ ಗಿರಿಜಕ್ಕ, ಸಕ್ಕರೆ ಮುಗ್ದದಾ?" ಎಂದರು ಹೆಡ್ ಮಾಸ್ತರು.

"ಸಕ್ಕರೆ ಅಲ್ಲ ಸರ್. ಕಚ್ಚಿದ್ದು ಅವಳಲ್ಲ. ಅಂದ್ರೆ, ಕಚ್ಚಿದ್ದು ಅವಳೇಯ. ತಪ್ಪು ನಂದು."

"ಹಂಗಾದ್ರೆ ನೀ ಕಚ್ಚಿದ್ಯನೆ?" ಎಂದ ತಿಮ್ಮಣ್ಣ. ಎಲ್ಲರೂ ನಕ್ಕರು, ಇಸ್ಮಾಯಿಲನ ಹೊರತು.

ನಾನು ಹೇಳಿದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮನ್ಮನೆಯಿಂದ ಶುರು ಮಾಡಿದೆ. ಅವ್ವ, ಮೂರು ಕೂಗು, ಹಾಜರಿ ಪುಸ್ತಕ, ಉಗ್ರಾಣ, ಪಾಟಿ. ಜೀವಮಾನದಲ್ಲಿ ಒಂದು ಕೋಣೆಯಲ್ಲಿ ಅಷ್ಟು ಹೊತ್ತು ನಾನೊಬ್ಬಳೇ ಮಾತಾಡಿದ್ದು ಅದೊಂದೇ ಸಲ. "ಐದು ತಿಂಗಳಲ್ಲಿ ಅವಳು ಬಾಯಿ ಬಿಟ್ಟು ಕರ್ದಿದ್ದು ನನ್ನೊಬ್ಬಳನ್ನೇಯ. ಒಂದೇ ಸಲ. ನಾನು ಕಿವಿ ಇದ್ದೂ ಕಿವುಡಿ ಆದೆ."

ತಿಮ್ಮಣ್ಣ ಹೊಟ್ಟೆ ಕುಲುಕಿಸಿದ. "ಹಗಲು ಹನ್ನೊಂದಕ್ಕೆ ಯಾವ ದೆವ್ವ ಬರ್ತದೆ ಮಾರಾಯ್ತಿ ಶಾಲೆಗೆ? ಅದಕ್ಕೂ ಬಿಸಿಯೂಟ ಬೇಕಿತ್ತಾ?"

ಎಲ್ಲಿಂದ ಬಂತೋ ಧೈರ್ಯ, ನಾನೆಂದೆ: "ತಿಮ್ಮಣ್ಣ, ಆಗ್ಲೆ ನೀವು ಸಭೆಗೆ ಬರೂವಾಗ ಗೇಟಿನ ಹತ್ರ ನಿಮ್ಮನ್ನ ಹಿಂದಿಂದ ಕರ್ದೆ. ಎಷ್ಟನೇ ಸಲಕ್ಕೆ ತಿರುಗಿದ್ರಿ?"

ಅವನ ನಗು ಅರ್ಧಕ್ಕೆ ನಿಂತಿತು. ಕಿವಿಯ ಹಿಂದೆ ಕೆರೆದುಕೊಂಡ. "ಮೂರಕ್ಕೆ" ಎಂದ. "ನಮ್ಮ ಅಪ್ಪ ಹೇಳಿದ್ದು" ಎಂದ.

ಆಗ ಬಾಗಿಲ ಮೂಲೆಯಿಂದ ಖೈರೂನ್ ಮಾತಾಡಿದಳು. ಅವಳ ದನಿಯನ್ನೂ ನಾವ್ಯಾರೂ ಅಲ್ಲಿಯವರೆಗೆ ಸರಿಯಾಗಿ ಕೇಳಿರಲಿಲ್ಲ.

"ನಮ್ಮ ಅಮ್ಮೀನೂ ಹಂಗೇ ಇದ್ಲು. ಯಲ್ಲಾಪುರದಲ್ಲಿ. ಮೂರು ಸಲ ಕರೆದ್ರೇ 'ಹಾಂ' ಅನ್ನೋದು. ಇವಳು ಅಜ್ಜಿಗೆ ನಾನಿ ಅಂತಿದ್ಲು. ಇವಳಿಗೆ ಅದು ಆಟ. ನಾನೀ, ನಾನೀ, ನಾನೀ ಅನ್ನೋದು, ಅಮ್ಮಿ 'ಹಾಂ' ಅನ್ನೋದು, ಇಬ್ರೂ ನಗೋದು." ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡಳು. "ಅಮ್ಮಿ ತೀರಿಹೋದ ದಿನ ಇವಳು ಹೊರಗೆ ನಿಂತು ಮೂರು ಸಲ ಕರೆದ್ಲು. ಮತ್ತೆ ಕರೆದ್ಲು. ಎಷ್ಟು ಸಲ ಕರೆದ್ಲೋ. ನಾವು ನಾನಿ ಹುಬ್ಬಳ್ಳಿ ಆಸ್ಪತ್ರೆಗೆ ಹೋಗಿದಾಳೆ ಅಂತ ಹೇಳಿ ಇಲ್ಲಿಗೆ ಕರ್ಕೊಂಡು ಬಂದ್ವಿ. ಇವತ್ತಿಗೂ ಅದನ್ನೇ ಹೇಳ್ತೀವಿ. ಅವತ್ತಿಂದ ಇವಳು ನನ್ನನ್ನೂ ಕರ್ದಿಲ್ಲ."

"ಮಗು ಅಲ್ವಾ" ಎಂದ ಇಸ್ಮಾಯಿಲ್, ತನಗೇ ಹೇಳಿಕೊಳ್ಳುವವನಂತೆ. "ಗೊತ್ತಾಗೋದಿಲ್ಲ ಅಂದ್ಕೊಂಡ್ವಿ. ನಾನು ಲಾರಿಗೆ ಹೋಗೋವಾಗಲೂ ಹೇಳೋದಿಲ್ಲ ಸರ್. ಅಳ್ತಾಳೆ ಅಂತ ಮಲಗಿದಾಗ ಹೋಗಿಬಿಡ್ತೀನಿ."

ಚಹಾದ ಮೇಲೆ ಕೆನೆ ಕಟ್ಟಿತು. ಹೆಡ್ ಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಕೊನೆಗೆ, "ಆದ್ರೂ ಅಕ್ಕೋರ ಕೈ ಕಚ್ಚಿದ್ದು ಕಚ್ಚಿದ್ದೇ ಅಲ್ದಾ? ನಾಳೆ ಯಾರಾದ್ರೂ ಕೇಳಿದ್ರೆ..." ಎಂದರು.

ಶಕುಂತಲಾ ಅಕ್ಕೋರು ಎದ್ದು ನಿಂತರು. "ಕೈ ನಂದ್ರಿ ಸರ್. ಕಚ್ಚಿಸಿಕೊಂಡಾಕಿನೂ ನಾನ. ನಾ ಏನರ ದೂರು ಕೊಟ್ಟೀನೇನ್ರಿ? ಕೊಟ್ಟಿಲ್ಲಲ್ಲ. ಮತ್ತ್ ಅರ್ಜಿ ಯಾತಕ್ರಿ? ಚಾ ಕುಡೀರಿ, ಆರಾಕತ್ತೈತಿ."

ಹೆಡ್ ಮಾಸ್ತರು ಆ ಖಾಲಿ ಹಾಳೆಯನ್ನು ನಾಲ್ಕಾಗಿ ಮಡಿಸಿ ಕಪ್ಪಿನ ಕೆಳಗೆ ಇಟ್ಟುಕೊಂಡರು.

ಆ ಶುಕ್ರವಾರ ಇಸ್ಮಾಯಿಲ್ ಲಾರಿ ಬಿಟ್ಟು, ಮಗಳನ್ನು ಬಸ್ಸಿನಲ್ಲಿ ಯಲ್ಲಾಪುರಕ್ಕೆ ಕರೆದುಕೊಂಡು ಹೋದ. ನಾನಿ ಇದ್ದ ಮನೆಯ ಮುಂದೆ ಕೂರಿಸಿಕೊಂಡು ನಿಜ ಹೇಳಿದನಂತೆ. ಎರಡು ದಿನ ಅತ್ತಳಂತೆ. ಮೂರನೆಯ ದಿನ ಶಾಲೆಗೆ ಬಂದಳು. ನನ್ನ ಕಟ್ಟೆಗೆ ಬರಲಿಲ್ಲ. ಬರಲಿ ಎಂದು ನಾನು ಹಟ ಹಿಡಿಯಲಿಲ್ಲ. ದಿನವೂ ಗೆರಸಿಯ ಆಚೆ ಒಂದು ಮಣೆ ಹಾಕಿ ಇಡುತ್ತಿದ್ದೆ. ಒಂದು ವಾರ ಮಣೆಯ ಮೇಲೆ ಶಾಲೆಯ ಬೆಕ್ಕು ಕೂತಿತ್ತು. ಎರಡನೆಯ ವಾರ ಅವಳು ಬೆಕ್ಕನ್ನು ನೂಕಿ ಕೂತಳು.

ಜನವರಿಯಲ್ಲಿರಬೇಕು, ನಾನು ನಲ್ಲಿಯ ಹತ್ತಿರ ಬೆನ್ನು ಹಾಕಿ ದೊಡ್ಡ ಪಾತ್ರೆಯೊಳಗೆ ತಲೆ ಹುದುಗಿಸಿ ತಿಕ್ಕುತ್ತಿದ್ದೆ.

"ಅಜ್ಜೀ."

ಒಂದು ಜನ್ಮದ ಅಭ್ಯಾಸ ನನ್ನ ಬಾಯಿ ಮುಚ್ಚಲು ಬಂತು. ಬಂದೇ ಬಂತು. ಅದನ್ನು ಹಿಂದೆ ತಳ್ಳಿ "ಓ!" ಎಂದೆ. ಪಾತ್ರೆಯೊಳಗಿಂದ ಆ ಓ ಎಷ್ಟು ಜೋರಾಗಿ ಹೊರಟಿತೆಂದರೆ ನಾಗವೇಣಿಯ ಕೈಯಿಂದ ಸಟ್ಟುಗ ಬಿತ್ತು. ತಿರುಗಿ ನೋಡಿದೆ. ಮುಬೀನಾ ಕಟ್ಟೆಯ ಮೇಲೆ ನಿಂತಿದ್ದಳು.

"ಏನಿಲ್ಲ" ಎಂದಳು. ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಮತ್ತೆ, ಗೋಡೆಯ ಆಚೆಯಿಂದ, "ಅಜ್ಜೀ." "ಓ!" "ಏನಿಲ್ಲ." ಮತ್ತೆ ತರಗತಿಯ ಕಿಟಕಿಯಿಂದ. ಮತ್ತೆ ಗೇಟಿನಿಂದ. ಆ ದಿನ ಹದಿನೇಳು ಸಲ.

"ಎಂತಕ್ಕೆ ಕರೀತದೆ ಅದು? ತಲೆ ಚಿಟ್ಟು ಹಿಡೀತು ನಂಗೆ" ಎಂದಳು ನಾಗವೇಣಿ.

"ಪರೀಕ್ಷೆ ಮಾಡ್ತದೆ."

"ಪಾಸಾದ್ಯಾ?"

"ಸಂಜೆವರೆಗೆ ಕಾಯ್ಬೇಕು" ಎಂದೆ.

ಏಳನೆಯ ಇಯತ್ತೆಯ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಹದಿನೇಳಕ್ಕೆ ಹದಿನೇಳು ಬಂತು. ಮರುದಿನ ಖೈರೂನ್ ಗೇಟಿನಲ್ಲಿ ನಿಂತವಳು ನನ್ನ ಕೈ ಹಿಡಿದುಕೊಂಡು, "ರಾತ್ರಿ ನನ್ನೂ ಕರೆದ್ಲು" ಎಂದಳು. ಅಷ್ಟೇ ಹೇಳಿದ್ದು.

ಈಗ ಮುಬೀನಾ ಆರನೆಯ ತರಗತಿ. ಎಲ್ಲ ವಾಸಿಯಾಗಿ ಬಂಗಾರದ ಹುಡುಗಿಯಾದಳೆಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂದರೆ ಈಗಲೂ ಚೀಲ ಎಸೆಯುತ್ತಾಳೆ. ಎಸೆದು ತಾನೇ ಹೋಗಿ ಎತ್ತಿಕೊಂಡು ಬರುತ್ತಾಳೆ. ಕಚ್ಚುವುದಿಲ್ಲ. ಲೆಕ್ಕದಲ್ಲಿ ಮುಂದು. ಅವಳ ನಂತರವೂ ನನ್ನ ಕಟ್ಟೆಗೆ ಮಕ್ಕಳು ಬಂದಿದ್ದಾರೆ. ಮಾತೇ ಆಡದ ಒಬ್ಬ, ಮಾತು ನಿಲ್ಲಿಸದ ಒಬ್ಬಳು, ತನ್ನ ಕೂದಲನ್ನೇ ಕಿತ್ತುಕೊಳ್ಳುವ ಒಬ್ಬಳು. ಅವು ಒಂದೇ ಸಲ ಕರೆದರೂ ಈಗ ಓ ಎನ್ನುತ್ತೇನೆ, ಹಳೆಯ ಅಭ್ಯಾಸ ಉಳಿದಿರುವುದು ಫೋನಿಗೆ ಮಾತ್ರ. ನಾನು ಓದಿದವಳಲ್ಲ, ಆದರೆ ಒಂದು ಮಾತನ್ನು ಅಳುಕಿಲ್ಲದೆ ಹೇಳುತ್ತೇನೆ. ಮಗು ಕೆಟ್ಟದ್ದು ಎಂದು ಯಾರಾದರೂ ಹೇಳಿದರೆ ನೀವು ತಟಕ್ಕನೆ ಹೌದೆನ್ನಬೇಡಿ. ಅದು ಯಾರನ್ನೋ ಕರೆದು, ಉತ್ತರ ಬಾರದೆ ಸುಸ್ತಾಗಿರಬಹುದು. ಹೋಗುವಾಗ ಹೇಳಿ ಹೋಗಿ. ಹೇಳಿದ ಹೊತ್ತಿಗೆ ಬನ್ನಿ. ತಪ್ಪಿದರೆ ತಪ್ಪಾಯಿತೆಂದು ಮಗುವಿಗೇ ಹೇಳಿ.

ಹೋದ ತಿಂಗಳು ಪೇಟೆಯಲ್ಲಿ ಬಟ್ಟೆ ಅಂಗಡಿಯ ಮುಂದೆ ಮುಬೀನಾ ನನ್ನ ಜೊತೆ ಮಾತಾಡಿ ಹೋದಳು. ಅಂಗಡಿಯ ಹೆಂಗಸು ಬಗ್ಗಿ ನೋಡಿ, "ಇದು ಅದೇ ಅಲ್ದಾ, ಆ ಕಚ್ಚೂ ಹುಡುಗಿ?" ಎಂದು ಕೇಳಿದಳು. ನಾಲ್ಕು ವರ್ಷವಾಯಿತು. ಊರಿಗೆ ಉಳಿದದ್ದು ಹಲ್ಲಿನ ಗುರುತು ಮಾತ್ರ. "ಅಲ್ಲ" ಎಂದು ಹೇಳಬಹುದಿತ್ತು. ನಾನು "ಹೌದು, ಅವಳೇ" ಎಂದೆ. ಉಳಿದದ್ದನ್ನೂ ಹೇಳಬೇಕೆಂದು ಬಾಯಿ ತೆರೆದೆ. ಅಂಗಡಿಯಲ್ಲಿ ಐದಾರು ಜನ ಇದ್ದರು. ನಾಲಿಗೆ ಅಂಟಿಕೊಂಡಿತು. ಮನೆಗೆ ಬಂದು ಈ ಹಾಳೆ ತೆಗೆದು ಕೂತೆ.

ಆ ಮಾತು ಮುಂದೊಂದು ದಿನ ಅವಳ ಕಿವಿಗೂ ಬೀಳುತ್ತದೆ. ಬೀಳದೆ ಇರುವುದಿಲ್ಲ. ದೊಡ್ಡವಳಾಗಿ, ಕೆಲಸಕ್ಕೋ ಮದುವೆಗೋ ನಿಂತ ಹೊತ್ತಿನಲ್ಲಿ ಯಾರೋ ನೆನಪಿಸುತ್ತಾರೆ, ಅವಳು ತಾನು ಹೇಗಿದ್ದೆ ಎಂದು ತಿಳಿಯಲು ನಮ್ಮ ಮನೆಯ ಬಾಗಿಲಿಗೆ ಬರುತ್ತಾಳೆ. ಬಂದೇ ಬರುತ್ತಾಳೆ, ನನಗೆ ಅವಳ ಗುಣ ಗೊತ್ತು. ಆಗ ನಾನು ಇರಲಿಕ್ಕಿಲ್ಲ. ಇವು ಅರ್ಧ ನಿಮ್ಮ ಹಾಳೆ, ಅರ್ಧ ಅವಳವು. ಗೆದ್ದಲು ಹತ್ತದ ಕಡೆ, ಕಬ್ಬಿಣದ ಪೆಟ್ಟಿಗೆಯಲ್ಲಿ, ನನ್ನ ಒಳ್ಳೆಯ ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಇಡಿ. ಸೀರೆಯನ್ನು ಬೇಕಾದರೆ ಯಾರಿಗಾದರೂ ಕೊಟ್ಟುಬಿಡಿ.